ಅರೆಮನಸ್ಸಿನಲ್ಲಿ ತಿದ್ದಿದ ಕರಡು

ಲೇಖಕರು ಬರೆದಿದ್ದ ವಾಕ್ಯ: ‘ಆ ವರ್ಷ ನಮ್ಮ ಮನೆಯ ಹಗೇವು ತುಂಬಿತ್ತು.’ ಅಚ್ಚಾಗಿ ಬಂದ ಪುಸ್ತಕದಲ್ಲಿ ಇದ್ದದ್ದು: ‘ಆ ವರ್ಷ ನಮ್ಮ ಮನೆಯ ಹಗೆಯು ತುಂಬಿತ್ತು.’ ಕರಡು ತಿದ್ದಿದವನು ನಾನು.

ಹಗೇವು ಅಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ವಿಜಯಪುರ, ಬಾಗಲಕೋಟೆ ಕಡೆಯ ಒಣನೆಲದಲ್ಲಿ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಕಾಯುತ್ತಿದ್ದದ್ದು ಇದೇ. ಪುಸ್ತಕ ಬರೆದವರು ಆ ಕಡೆಯ ಹಳ್ಳಿಯೊಂದರ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು. 1972ರ ಬರದಲ್ಲಿ ಅವರ ಮನೆಯವರು ಪಟ್ಟ ಪಾಡು, ಬರ ಕಳೆದ ಮೇಲೆ ಬಂದ ಒಳ್ಳೆಯ ಸುಗ್ಗಿ, ಅಣ್ಣತಮ್ಮಂದಿರೆಲ್ಲ ಒಟ್ಟಾಗಿ ರಾಶಿ ಮಾಡಿ ಕಾಳು ತುಂಬಿದ್ದು ಎಲ್ಲವೂ ಆ ಅಧ್ಯಾಯದಲ್ಲಿತ್ತು. ಒಂದೇ ಒಲೆಯಲ್ಲಿ ಉಂಡ ಮನೆಯ ನೆನಪಿಗೆಂದೇ ಅವರು ಅದನ್ನು ಬರೆದಿದ್ದರು. ನಾನು ಒಂದು ಪದ ಬದಲಿಸಿ ಅದನ್ನು ದ್ವೇಷ ತುಂಬಿದ ಮನೆ ಮಾಡಿಬಿಟ್ಟಿದ್ದೆ.

ಊರಿನಲ್ಲಿ ಪುಸ್ತಕ ಬಿಡುಗಡೆಯಾದ ಮೇಲೆ ಮಾಸ್ತರರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಸರ, ನಮ್ಮ ಅಣ್ಣಗ ಮೊಮ್ಮಗ ಪುಸ್ತಕ ಓದಿ ಹೇಳಿದನ್ರಿ. ಅಣ್ಣ ಕೇಳಾಕತ್ತಾನ, ನಮ್ಮ ಮನ್ಯಾಗ ಯಾವಾಗ ಹಗಿ ತುಂಬಿತ್ತಪಾ ಅಂತ. ನಾ ಏನ್ ಹೇಳ್ಲಿ?” ನನಗೆ ಆ ಕ್ಷಣಕ್ಕೆ ಅರ್ಥವೇ ಆಗಲಿಲ್ಲ. ಪುಸ್ತಕ ತೆಗೆದು ಪುಟ ನೋಡಿದ ಮೇಲೆ ಕೈಕಾಲು ತಣ್ಣಗಾದವು.

ಇದು ಹೇಗಾಯಿತೆಂದು ನನಗೆ ಚೆನ್ನಾಗಿ ಗೊತ್ತು. ಮಾಸ್ತರರು ತಮ್ಮ ಹಸ್ತಪ್ರತಿಯನ್ನು ತಾಲ್ಲೂಕಿನ ಡಿಟಿಪಿ ಅಂಗಡಿಯೊಂದರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಕಳಿಸಿದ್ದರು. ನಾವು ಅದನ್ನು ಯೂನಿಕೋಡಿಗೆ ಬದಲಾಯಿಸಿಕೊಂಡೆವು. ಹೀಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ದೀರ್ಘ ಎಲ್ಲೋ ಹೋಗಿ ಕೂರುತ್ತದೆ. ಈ ಕೆಲಸದಲ್ಲಿರುವವರಿಗೆಲ್ಲ ಇದು ದಿನನಿತ್ಯದ ಗೋಳು. ಹಾಗಾಗಿ ಅಪರಿಚಿತ ಪದ ಕಂಡ ಕೂಡಲೇ ‘ಫಾಂಟ್ ತೊಂದರೆ’ ಎಂದುಕೊಂಡು ತಿದ್ದುವುದು ಕೈಗೆ ರೂಢಿಯಾಗಿಬಿಡುತ್ತದೆ. ‘ಹಗೇವು’ ಎಂಬುದರ ಕೆಳಗೆ ಕಂಪ್ಯೂಟರು ಕೆಂಪು ಗೆರೆ ಎಳೆದಿತ್ತು. ನಾನು ಮಲೆನಾಡಿನವನು. ನಮ್ಮ ಕಡೆಯ ಮಳೆಗೆ ನೆಲದೊಳಗೆ ಕಾಳಿಡುವ ಮಾತೇ ಇಲ್ಲ, ನಮ್ಮದೇನಿದ್ದರೂ ಕಣಜ. ಪದ ಗೊತ್ತಿಲ್ಲದಿರುವುದು ತಪ್ಪಲ್ಲ. ನಿಘಂಟು ತೆಗೆದಿದ್ದರೆ, ಇಲ್ಲವೇ ಲೇಖಕರಿಗೊಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಅಷ್ಟೂ ಬೇಡ, ಹಿಂದಿನ ಮುಂದಿನ ಎರಡು ವಾಕ್ಯ ನಿಜವಾಗಿ ಓದಿದ್ದರೂ ಸಾಕಿತ್ತು. ಅಲ್ಲಿ ಜೋಳದ ಚೀಲಗಳ ಲೆಕ್ಕ ಇತ್ತು.

ಆದರೆ ಆಗ ನನ್ನ ಗಮನ ಎಲ್ಲೆಲ್ಲೋ ಹರಿದುಹೋಗಿತ್ತು. ಪಕ್ಕದಲ್ಲಿ ಫೋನಿತ್ತು. ಮುದ್ರಣಾಲಯದವರು ಇನ್ನೊಂದು ಪುಸ್ತಕದ ಬೆನ್ನಿನ ಅಗಲ ಎಷ್ಟು ಎಂದು ವಾಟ್ಸ್‌ಆ್ಯಪಿನಲ್ಲಿ ಕೇಳುತ್ತಿದ್ದರು. ಮುಖಪುಟ ಮಾಡುವ ಹುಡುಗ ಮೂರು ಬಣ್ಣದ ನಮೂನೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದ. ಅವರಿಗೆ ಉತ್ತರ ಬರೆಯುತ್ತ, ಮಧ್ಯೆ ಪರದೆಯ ಕಡೆ ತಿರುಗಿ, ‘ಹಗೇವು’ ತೆಗೆದು ‘ಹಗೆಯು’ ಹಾಕಿ, ‘ಎಲ್ಲವನ್ನೂ ಬದಲಿಸು’ ಒತ್ತಿದೆ. ಪುಸ್ತಕದುದ್ದಕ್ಕೂ ಆ ಪದ ಬಂದ ಕಡೆಯೆಲ್ಲ ಒಂದೇ ಏಟಿಗೆ ಬದಲಾಯಿತು. ‘ಹಗೇವಿನ ಬಾಯಿ’, ‘ಹಗೇವಿನೊಳಗೆ’ ಎಂಬಂಥ ರೂಪಗಳು ಮಾತ್ರ ಹಾಗೆಯೇ ಉಳಿದವು. ಒಂದೇ ಪುಟದಲ್ಲಿ ಒಂದು ಕಡೆ ಹಗೆ, ನಾಲ್ಕು ಸಾಲು ಬಿಟ್ಟು ಹಗೇವು. ಆ ಪುಟವನ್ನು ಯಾರೂ ಓದಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ಹಾರಿ ಹಾರಿ ಕೂರುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದಕ್ಕೆ ಜಿಗಿಯುತ್ತದೆ. ನಡುವೆ ಸ್ಪಷ್ಟವಾಗಿ ಕಾಣದ್ದನ್ನು ಮಿದುಳು ತನಗೆ ಗೊತ್ತಿರುವುದರಿಂದ ತುಂಬಿಕೊಳ್ಳುತ್ತದೆ. ಕತೆ ಕಾದಂಬರಿ ಓದುವವರಿಗೆ ಇದರಿಂದ ಉಪಕಾರವೇ. ಕರಡು ಓದುವವನಿಗೆ ಇದೇ ದೊಡ್ಡ ಅಪಾಯ. ಮ ಇದ್ದಲ್ಲಿ ಯ ಬಿದ್ದಿರುತ್ತದೆ, ಪ ಇದ್ದಲ್ಲಿ ಷ. ಬೇಕಾದ ಅಕ್ಷರವನ್ನೇ ಕಣ್ಣು ಕಂಡಂತೆ ಮಾಡಿ ಮುಂದೆ ಹೋಗುತ್ತದೆ. ಗಮನ ಅರ್ಧವಾದಾಗ ಈ ತುಂಬಿಕೊಳ್ಳುವ ಕೆಲಸ ಇನ್ನೂ ಜೋರಾಗುತ್ತದೆ. ಆಗ ನಾವು ಓದುವುದು ಎದುರಿಗಿರುವ ಪುಟವನ್ನಲ್ಲ, ನಮಗೆ ಮೊದಲೇ ಗೊತ್ತಿರುವುದನ್ನು. ಮಾಸ್ತರರ ಊರು, ಅವರ ಕಾಳು, ಅವರ ಅಣ್ಣ ಯಾರೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಪದವನ್ನು ಅವರ ಮೇಲೆ ಹೇರಿದೆ.

ಈ ತಪ್ಪು ಒಂದು ದಿನದ್ದಲ್ಲ. ಅದರ ಹಿಂದೆ ಕೆಲವು ವರ್ಷಗಳ ಅಭ್ಯಾಸವಿತ್ತು. ಪ್ರಕಾಶನ ಸಂಸ್ಥೆಗೆ ಸೇರಿದ ಹೊಸದರಲ್ಲಿ ಕರಡು ಓದುವುದೆಂದರೆ ನನಗೆ ಹಬ್ಬ. ಇನ್ನೂ ಯಾರೂ ಓದದ ಪುಸ್ತಕವನ್ನು ಮೊದಲು ಓದುವ ಭಾಗ್ಯ ಅದು. ಬರಬರುತ್ತ ಮುದ್ರಣಾಲಯದ ಜತೆ ಮಾತು, ಬಿಲ್ಲು, ಜಾಲತಾಣದ ಪ್ರಚಾರ ಎಲ್ಲವೂ ನನ್ನ ಮೇಜಿಗೆ ಬಂದವು. ಒಟ್ಟಿಗೆ ನಾಲ್ಕು ಕೆಲಸ ಮಾಡುತ್ತೇನೆ ಎನ್ನುವುದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು. ಸಂಬಳವೂ ಏರಿತು. ಆದರೆ ಸಂಜೆ ಮನೆಗೆ ಬಂದರೆ ಏನು ಮಾಡಿದೆ ಎಂದು ಹೇಳಲು ಒಂದು ಮಾತೂ ಇರುತ್ತಿರಲಿಲ್ಲ. ದಿನವಿಡೀ ದುಡಿದ ಸುಸ್ತು ಇತ್ತು, ದುಡಿದ ನೆಮ್ಮದಿ ಇರಲಿಲ್ಲ. ಈ ಕೆಲಸದ ರುಚಿ ಹೋಯಿತು, ಬೇರೆ ಏನಾದರೂ ನೋಡಬೇಕು ಎಂದು ಹೆಂಡತಿಯ ಹತ್ತಿರ ಎಷ್ಟೋ ಸಲ ಹೇಳಿದ್ದೆ. ಕೆಲಸವನ್ನು ದೂರುತ್ತಿದ್ದೆ. ಆ ಕೆಲಸವನ್ನು ನಾನು ಮಾಡುತ್ತಲೇ ಇಲ್ಲ ಎನ್ನುವುದು ಹೊಳೆದಿರಲಿಲ್ಲ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನೋವಿಜ್ಞಾನಿ ಹಂಗೆರಿ ಮೂಲದವರು, ಅಮೆರಿಕದಲ್ಲಿ ನೆಲೆಸಿದ್ದವರು. ಮನುಷ್ಯ ಒಂದು ಕೆಲಸದಲ್ಲಿ ಪೂರ್ತಿ ಮುಳುಗಿ ಹೊತ್ತಿನ ಪರಿವೆ ಕಳೆದುಕೊಳ್ಳುವ ಸ್ಥಿತಿಗೆ ‘ಫ್ಲೋ’ ಎಂದು ಹೆಸರಿಟ್ಟು, 1990ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಅದಕ್ಕೂ ಒಂದು ವರ್ಷ ಮೊದಲು ಅವರೂ ಜುಡಿತ್ ಲೆಫೆವ್ರ್ ಅವರೂ ಪ್ರಕಟಿಸಿದ ಅಧ್ಯಯನವೊಂದು ನನ್ನನ್ನು ಹೆಚ್ಚು ತಟ್ಟಿತು. ನೌಕರಿಯಲ್ಲಿರುವವರ ಕೈಗೆ ಪೇಜರ್ ಕೊಟ್ಟು, ಅದು ದಿನದ ಯಾವ್ಯಾವುದೋ ಹೊತ್ತಿನಲ್ಲಿ ಸದ್ದು ಮಾಡಿದಾಗ ಆ ಕ್ಷಣ ಏನು ಮಾಡುತ್ತಿದ್ದೀರಿ, ಮನಸ್ಸು ಹೇಗಿದೆ ಎಂದು ಬರೆಸಿಕೊಂಡರು. ಮುಳುಗುವಿಕೆಯ ಅನುಭವ ಬಿಡುವಿನ ಹೊತ್ತಿಗಿಂತ ಕೆಲಸದ ಹೊತ್ತಿನಲ್ಲೇ ಹೆಚ್ಚು ಸಲ ಆಗಿತ್ತು. ಆದರೂ ಕೆಲಸದಲ್ಲಿದ್ದಾಗ ಅದೇ ಜನ ಬೇರೆಲ್ಲಾದರೂ ಇರಬೇಕಿತ್ತು ಎಂದು ಬಯಸುತ್ತಿದ್ದರು. ಇದನ್ನು ಓದಿದಾಗ ನನ್ನ ಬಗ್ಗೆಯೇ ಬರೆದಂತಿತ್ತು. ಸುಖ ಸಿಗುವ ಜಾಗದಲ್ಲೇ ಕೂತು ಅದನ್ನು ಬೇರೆ ಕಡೆ ಹುಡುಕುತ್ತಿದ್ದೆ.

ಇನ್ನೊಂದು ಅಧ್ಯಯನ ಸೋಫಿ ಲೆರಾಯ್ ಅವರದು, 2009ರದ್ದು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ ಹಿಂದಿನದರ ಯೋಚನೆ ಮನಸ್ಸಿನಲ್ಲಿ ಅಂಟಿಕೊಂಡೇ ಇರುತ್ತದೆ, ಹೊಸ ಕೆಲಸಕ್ಕೆ ಪೂರ್ತಿ ಬುದ್ಧಿ ಸಿಗುವುದಿಲ್ಲ ಎಂದು ಅವರು ತೋರಿಸಿದರು. ಗ್ಲೋರಿಯಾ ಮಾರ್ಕ್ ಅವರಂತೂ ಕಚೇರಿ ನೌಕರರ ಬೆನ್ನಿಗೆ ಕೂತು ಅಳೆದಿದ್ದಾರೆ. 2004ರಲ್ಲಿ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದ ಗಮನ, ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. ಒಂದು ಪುಟ ಕನ್ನಡವನ್ನು ಅಕ್ಷರ ಬಿಡದೆ ಓದಲು ಅದರ ಕೆಲವು ಪಟ್ಟು ಹೊತ್ತು ಬೇಕು. ಅಂದರೆ ಒಂದು ಪುಟದೊಳಗೇ ನಾನು ಎಷ್ಟು ಸಲ ಎದ್ದುಹೋಗಿ ಬರುತ್ತಿದ್ದೆ ಎಂದು ಊಹಿಸಬಹುದು.

ಇವೆಲ್ಲ ಆಮೇಲೆ ಓದಿಕೊಂಡದ್ದು. ನನಗೆ ಪಾಠವಾದದ್ದು ಮಾಸ್ತರರ ಊರಿನಲ್ಲಿ.

ಪುಸ್ತಕದಲ್ಲಿ ಇನ್ನೇನೇನು ತಪ್ಪಿದೆಯೋ ಎಂಬ ಭಯಕ್ಕೆ, ಉಳಿದ ಪ್ರತಿಗಳನ್ನು ಮಾರಾಟಕ್ಕೆ ಬಿಡಬೇಡಿ ಎಂದು ಕಚೇರಿಯಲ್ಲಿ ಹೇಳಿ, ನಾನೇ ಬಸ್ಸು ಹತ್ತಿದೆ. ಮಾಸ್ತರರ ಮನೆಯಲ್ಲಿ ಮೊದಲು ಅಣ್ಣನವರ ಕಾಲಿಗೆ ನಮಸ್ಕಾರ ಮಾಡಿ ಕ್ಷಮೆ ಕೇಳಿದೆ. ಎಂಬತ್ತು ದಾಟಿದ ಹಿರಿಯರು. “ನೀವು ನೋಡಿಲ್ಲ, ನಿಮಗ ಹೆಂಗ ಗೊತ್ತಾಗಬೇಕ್ರಿ? ಬರ್ರಿ, ತೋರಸ್ತೀನಿ” ಎಂದು ಕೋಲೂರಿಕೊಂಡು ಹಿತ್ತಲಿಗೆ ಕರೆದುಕೊಂಡು ಹೋದರು. ಮಣ್ಣು ಮುಚ್ಚಿದ್ದ ಒಂದು ಹಾಸುಗಲ್ಲನ್ನು ಕೋಲಿನಿಂದ ತಟ್ಟಿದರು. ಒಳಗೆ ಬಾಯಿ ಕಿರಿದು, ಹೊಟ್ಟೆ ಅಗಲ. ಗೋಡೆಗೆ ಕಣಿಕೆ, ಹೊಟ್ಟು ಒತ್ತಿ, ಕಾಳು ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಗಾಳಿಯಾಡದೆ ಹುಳು ಬೀಳುವುದಿಲ್ಲ. ತೆಗೆಯುವಾಗ ಕೂಡಲೇ ಇಳಿಯಬಾರದು. ಬಾಯಿ ತೆರೆದಿಟ್ಟು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯನೂ ಉಳಿಯುವುದಿಲ್ಲ. ಹಾಗೆ ನೋಡದೆ ಇಳಿದು ಸತ್ತವರ ಹೆಸರು ಅವರಿಗೆ ಗೊತ್ತಿತ್ತು. ಒಂದು ಪದದ ಹಿಂದೆ ಇಷ್ಟೆಲ್ಲ ಇತ್ತು, ನಾನು ಅದನ್ನು ಫಾಂಟ್ ತೊಂದರೆ ಎಂದುಕೊಂಡಿದ್ದೆ.

ಆಮೇಲೆ ಪಡಸಾಲೆಯಲ್ಲಿ ಕೂತೆವು. ನಾನು ಪುಸ್ತಕ ಗಟ್ಟಿಯಾಗಿ ಓದುವುದು, ಮಾಸ್ತರರು ತಮ್ಮ ಹಸ್ತಪ್ರತಿ ಹಿಡಿದು ಹೋಲಿಸುವುದು. ಅಚ್ಚುಮೊಳೆಯ ಕಾಲದಲ್ಲಿ ಮುದ್ರಣಾಲಯಗಳಲ್ಲಿ ಹೀಗೆಯೇ ಇಬ್ಬರು ಕೂತು ಓದುತ್ತಿದ್ದರು. ಊರಿನಲ್ಲಿ ಮೊಬೈಲು ಸರಿಯಾಗಿ ಸಿಗ್ನಲ್ ಹಿಡಿಯುತ್ತಿರಲಿಲ್ಲ, ಅದನ್ನು ಚೀಲದಲ್ಲಿ ಹಾಕಿಟ್ಟಿದ್ದೆ. ಮೊದಲ ಅರ್ಧ ಗಂಟೆ ಹಿಂಸೆ. ಕೈ ತಾನಾಗಿ ಚೀಲದ ಕಡೆ ಹೋಗುತ್ತಿತ್ತು. ಒಂದು ಪುಟ ಮುಗಿಯುವಷ್ಟರಲ್ಲಿ ಎದ್ದು ನೀರು ಕುಡಿಯಬೇಕು ಅನ್ನಿಸುತ್ತಿತ್ತು. ಗಟ್ಟಿಯಾಗಿ ಓದುತ್ತಿದ್ದುದರಿಂದ ಹಾರಿಸಿಕೊಂಡು ಹೋಗಲು ದಾರಿ ಇರಲಿಲ್ಲ. ನಿಧಾನವಾಗಿ ಮನಸ್ಸು ಕೂತಿತು. ‘ಅಪ್ಪ ಕುರಿಗೆ ಹಿಡಿದು ಹೊಲಕ್ಕೆ ಹೊರಟ’ ಎಂದು ಓದಿದೆ. ಮಾಸ್ತರರು ಕೈ ಎತ್ತಿದರು. ಅದು ಕೂರಿಗೆ, ಬಿತ್ತನೆಯ ಸಾಧನ. ‘ಎಳ್ಳಮಾಸಿಗೆ ಚರಕ ಚೆಲ್ಲಿದೆವು’ ಎಂದೆ. ಮತ್ತೆ ಕೈ ಎತ್ತಿದರು. ಅದು ಚರಗ, ಎಳ್ಳು ಅಮಾವಾಸ್ಯೆಯ ದಿನ ಹೊಲದ ತುಂಬ ಎಡೆ ಚೆಲ್ಲುತ್ತ ಹೋಗುವುದು. ಒಂದೊಂದಕ್ಕೂ ಅವರು ನಿಂತು ವಿವರಿಸುವರು, ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುವೆ.

ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ ಅಣ್ಣನವರು ಕೂರಿಗೆಯ ಮಾತು ಬಂದಾಗ ಒಂದು ವಿಷಯ ಹೇಳಿದರು. ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವ ಹೆಂಗಸಿನ ಕೈ ಒಂದೇ ಸಮ ಇರಬೇಕು. ಮಾತಿಗೆ ತಿರುಗಿ ಕೈ ತಪ್ಪಿದರೆ ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ಮಣ್ಣು ಮುಚ್ಚಿಕೊಂಡು ಎಲ್ಲ ಸಾಲೂ ಒಂದೇ ಥರ ಕಾಣುತ್ತದೆ. ಮೊಳಕೆ ಬಂದಾಗ ಮಾತ್ರ ಎಲ್ಲೆಲ್ಲಿ ಬೀಜ ಬಿದ್ದಿಲ್ಲ ಎಂದು ಊರಿಗೇ ಕಾಣುತ್ತದೆ. ನನ್ನ ಕೆಲಸದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಊಟಕ್ಕೆ ಕರೆದಾಗ ಹೊತ್ತು ಇಳಿದಿತ್ತು. ಬೆಳಗ್ಗೆಯಿಂದ ಫೋನ್ ನೋಡಿಲ್ಲ ಎನ್ನುವುದು ಆಗ ನೆನಪಾಯಿತು. ಗಂಟಲು ಕಟ್ಟಿತ್ತು, ಬೆನ್ನು ನೋಯುತ್ತಿತ್ತು, ಆದರೆ ಮನಸ್ಸು ಹಗುರವಾಗಿತ್ತು. ಯಾರೂ ನನ್ನನ್ನು ಹೊಗಳಿರಲಿಲ್ಲ. ಪುಟದಿಂದ ಪುಟಕ್ಕೆ ನನ್ನ ತಪ್ಪುಗಳೇ ಸಿಕ್ಕಿದ್ದವು. ಹಾಗಿದ್ದೂ ವರ್ಷಗಳಿಂದ ಕಾಣದ ತೃಪ್ತಿ ಅವತ್ತು ಸಿಕ್ಕಿತು. ತೃಪ್ತಿಗೂ ಹೊಗಳಿಕೆಗೂ, ಸಂಬಳಕ್ಕೂ, ಪುಸ್ತಕದ ಮೇಲೆ ಹೆಸರು ಬರುವುದಕ್ಕೂ ಅಂಥ ನಂಟಿಲ್ಲ ಎಂದು ನನಗೆ ಖಾತ್ರಿಯಾದದ್ದು ಆ ಪಡಸಾಲೆಯಲ್ಲಿ. ಒಬ್ಬರು ಬರೆದ ಸಾಲಿನ ಮುಂದೆ ಪೂರ್ತಿಯಾಗಿ ಕೂತಿದ್ದೆ, ಅಷ್ಟೇ. ಇನ್ನೊಂದೂ ತಿಳಿಯಿತು. ಏಕಾಗ್ರತೆ ಎಂದರೆ ನನ್ನ ಮನಸ್ಸಿನ ಶಕ್ತಿ, ಸಾಧನೆ ಎಂದೆಲ್ಲ ಭಾವಿಸಿದ್ದೆ. ಅದಕ್ಕಿಂತ ಮೊದಲು ಅದು ಎದುರಿಗಿರುವವರಿಗೆ ಕೊಡುವ ಮರ್ಯಾದೆ. ಮಾಸ್ತರರು ವರ್ಷಗಟ್ಟಲೆ ನೆನಪು ಮಾಡಿ ಬರೆದದ್ದನ್ನು ಫೋನಿನ ಸಂದುಗೊಂದಿನಲ್ಲಿ ಓದಿ ಮುಗಿಸಿದ್ದು ಅವಮರ್ಯಾದೆ, ಬೇರೆ ಹೆಸರಿಲ್ಲ.

ಸರಿಯಾದ ಪದಗಳನ್ನು ಚಿಕ್ಕ ಚೀಟಿಗಳಲ್ಲಿ ಅಚ್ಚು ಹಾಕಿಸಿ, ಕಚೇರಿಯಲ್ಲಿ ಉಳಿದಿದ್ದ ಪ್ರತಿಗಳಿಗೆಲ್ಲ ಕೂತು ಅಂಟಿಸಿದೆವು. ಊರಿನಲ್ಲಿ ಹಂಚಿಹೋದ ಪ್ರತಿಗಳು ಹಾಗೆಯೇ ಇವೆ.

ಕೆಲಸದ ಕ್ರಮ ಬದಲಾಯಿಸಿಕೊಂಡೆ. ಈಗ ಕರಡನ್ನು ಮನೆಯಲ್ಲಿ, ಕಾಗದದ ಮೇಲೇ ಓದುತ್ತೇನೆ, ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟುಕೊಂಡು. ಬೆಳಗಿನ ಹೊತ್ತು, ಒಂದು ಸಲಕ್ಕೆ ಒಂದು ಫಾರಂ, ಅಂದರೆ 16 ಪುಟ. ಅದು ಮುಗಿಯುವವರೆಗೆ ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಮೊದಲ ಓದು ಅರ್ಥಕ್ಕೆ. ಆಗ ಅಕ್ಷರ ತಪ್ಪು ಕಂಡರೂ ಗುರುತು ಹಾಕಿ ಮುಂದೆ ಹೋಗುತ್ತೇನೆ. ಎರಡನೆಯದು ಅಕ್ಷರಕ್ಕೆ. ಆಗ ಕತೆಯ ಸೆಳೆತಕ್ಕೆ ಸಿಕ್ಕಬಾರದೆಂದು ಕೆಲವೊಮ್ಮೆ ಕೊನೆಯ ಪ್ಯಾರಾದಿಂದ ಹಿಂದಕ್ಕೆ ಬರುತ್ತೇನೆ. ಪ್ರತಿ ಪುಸ್ತಕಕ್ಕೂ ಒಂದು ಪದಪಟ್ಟಿ ಇಡುತ್ತೇನೆ. ಗೊತ್ತಿಲ್ಲದ್ದೆಲ್ಲ ಅದರಲ್ಲಿ ಸೇರುತ್ತದೆ, ಲೇಖಕರನ್ನು ಕೇಳದೆ ಒಂದನ್ನೂ ಮುಟ್ಟುವುದಿಲ್ಲ. ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ಅವತ್ತಿನಿಂದ ಒತ್ತಿಲ್ಲ. ದಿನಕ್ಕೆ ಓದುವ ಪುಟ ಮೊದಲಿಗಿಂತ ಕಡಿಮೆಯಾಗಿದೆ. ಕೆಲಸ ಬಿಡುವ ಮಾತನ್ನು ಆಮೇಲೆ ಆಡಿಲ್ಲ.

ಎಲ್ಲ ದಿನವೂ ಮನಸ್ಸು ಕೂರುತ್ತದೆ ಎಂದರೆ ಸುಳ್ಳಾಗುತ್ತದೆ. ಕೂರದ ದಿನ ಬಿಲ್ಲು, ಪತ್ರ, ಲೆಕ್ಕ ನೋಡುತ್ತೇನೆ, ಕರಡು ಮುಟ್ಟುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ಕೂತಾಗ ಗ್ಯಾಸಿನವರಿಗೆ, ಕೊರಿಯರಿನವರಿಗೆ ಬಾಗಿಲು ತೆಗೆಯುವವರು ಯಾರು ಎಂಬ ಪ್ರಶ್ನೆಯೂ ಇದೆ. ನನ್ನ ಹೆಂಡತಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ನನ್ನ ಏಕಾಗ್ರತೆಯ ಬೆಲೆಯನ್ನು ಮೊದಮೊದಲು ಅವಳೇ ತೆತ್ತಳು. ಈಗ ಬೆಳಗ್ಗೆ ನನ್ನದು, ಮಧ್ಯಾಹ್ನ ಅವಳದು. ಅವಳ ಹೊತ್ತಿನಲ್ಲಿ ಕರೆಗಂಟೆ ನನ್ನ ಪಾಲು. ಮಗು ಮಡಿಲಲ್ಲಿಟ್ಟುಕೊಂಡು ಕರಡು ಓದುವ ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿ ಬೇಕಾದಷ್ಟಿದ್ದಾರೆ. ‘ಏಕಾಗ್ರತೆ ಇಟ್ಟು ಕೆಲಸ ಮಾಡಿ’ ಎಂದು ಅವರಿಗೆ ಉಪದೇಶ ಮಾಡುವ ಮೊದಲು ಅವರ ಮನೆಯವರು ಎದ್ದು ಬಾಗಿಲು ತೆಗೆಯಬೇಕು.

ಅವತ್ತು ನಾನು ತೆರೆಯದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಒಂದೊಂದು ಪದಕ್ಕೂ ಅದು ಬಳಕೆಯಾದ ಜಾಗ ಹುಡುಕಿ, ಚೀಟಿ ಮಾಡಿ, ಅರ್ಥ ನಿರ್ಧರಿಸಿದ್ದು ಅದರಲ್ಲಿದೆ. ಈಗ ಅನುಮಾನ ಬಂದಾಗಲೆಲ್ಲ ಅದನ್ನು ತೆರೆಯುತ್ತೇನೆ. ನಾನು ಒಂದು ಪದಕ್ಕೆ ಅರ್ಧ ನಿಮಿಷ ಕೊಡಲಿಲ್ಲ. ಅವರು ಇಡೀ ಬಾಳು ಕೊಟ್ಟರು.

ಪ್ರಕಾಶಕರಲ್ಲಿ ಒಂದು ಕೇಳಿಕೆ ಇದೆ. ಕರಡು ಓದುವವರಿಗೆ ಪುಟಕ್ಕೆ ಇಷ್ಟು ಎಂದು ಪುಡಿಗಾಸು ಕೊಟ್ಟು, ನಾಳೆಯೇ ಬೇಕು ಎಂದರೆ ಅವರು ಓಡುತ್ತಲೇ ಓದಬೇಕಾಗುತ್ತದೆ. ಮುಖಪುಟಕ್ಕೆ, ಬಿಡುಗಡೆ ಸಮಾರಂಭಕ್ಕೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಓದುವವರ ಸಮಯಕ್ಕೆ ಕೊಡಿ. ಬಿಡುಗಡೆಯ ದಿನ ನಿಗದಿ ಮಾಡುವ ಮುಂಚೆ ಎರಡನೆಯ ಓದಿಗೆ ಎಷ್ಟು ದಿನ ಬೇಕು ಎಂದು ಅವರನ್ನು ಕೇಳಿ. ಲೇಖಕರು ತಮ್ಮ ಊರಿನ ಪದಗಳ ಪಟ್ಟಿಯೊಂದನ್ನು ಹಸ್ತಪ್ರತಿಯ ಜತೆಗೇ ಕಳಿಸಲಿ. ನಿಮ್ಮ ಮನೆಯಲ್ಲಿರುವ ಪುಸ್ತಕದಲ್ಲಿ ತಪ್ಪು ಕಂಡರೆ, ಓದುಗರೇ, ಪುಟಸಂಖ್ಯೆ ಸಹಿತ ಒಂದು ಕಾರ್ಡು ಬರೆದು ಪ್ರಕಾಶಕರಿಗೆ ಹಾಕಿ. ಮುಂದಿನ ಮುದ್ರಣದಲ್ಲಿ ಅದನ್ನು ತಿದ್ದುವವರು ಯಾರಾದರೂ ಇದ್ದೇ ಇರುತ್ತಾರೆ.